ಮಾವನ ಬೇಲಿ, ಮೋಡದ ಮೇಲಿನ ಉಲ್ಕೆ

13 ಆಗಸ್ಟ್ 2024, ಮಂಗಳವಾರ
ಮುದರಂಗಡಿ, ಉಡುಪಿ

ಮಾವ ಇವತ್ತು ತೋಟದ ಆ ಬದಿಗೆ ಹೋಗಲೇ ಇಲ್ಲ. ನಿನ್ನೆ ಬೇಲಿ ತಂತಿ ಮುಟ್ಟಿ ಬೆರಳು ಜುಮ್ಮೆಂದಿದೆ. "ಎಂತ ಮಾರಾಯ, ತೋಟದ ಮೇಲೆ ಹೋಗುವ 400 ಕೆವಿ ಹೈಟೆನ್ಷನ್ ಲೈನಿನ ಕರೆಂಟ್ ಕೆಳಗೆ ಇಳಿಯುತ್ತಿದೆಯಾ?" ಎಂದು ಕೇಳಿದರು. ಆಚೆ ಮನೆಯವರು ಅದು ಬರೀ ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟಿ ನಿಲ್ಲುವ ವಿದ್ಯುತ್), ಹೆದರಬೇಡಿ ಅಂದರಂತೆ.

ನನಗೆ ಹಾಗೆ ಅನ್ನಿಸಲಿಲ್ಲ. ಸ್ಟ್ಯಾಟಿಕ್ ಆದರೆ ಒಮ್ಮೆ ಚುರ್ ಎಂದು ಮುಗಿಯಬೇಕು. ಆಟಿ ತಿಂಗಳ ಈ ಒದ್ದೆ ಗಾಳಿಯಲ್ಲಿ ಅದು ನಿಲ್ಲುವುದೇ ಕಷ್ಟ. ಇದು ಮುಟ್ಟಿದಷ್ಟು ಸಲವೂ ಜುಮ್ಮೆನ್ನುತ್ತದೆ. ಹೋಗಿ ನೋಡಿದೆ. ಕಲ್ಲಿನ ಕಂಬಕ್ಕೆ ಪ್ಲಾಸ್ಟಿಕ್ ಪೈಪಿನ ತುಂಡು ಇಟ್ಟು ತಂತಿ ಎಳೆದಿದ್ದಾರೆ, ಎಲ್ಲೂ ನೆಲಕ್ಕೆ ತಾಗಿಲ್ಲ. ಲೈನಿನ ಉದ್ದಕ್ಕೇ ಹೋಗಿದೆ ಬೇರೆ. ಮೇಲೆ ಸೆಕೆಂಡಿಗೆ 50 ಸಲ ತಿರುಗುಮುರುಗಾಗುವ ವೋಲ್ಟೇಜ್, ಕೆಳಗಿನ ತಂತಿಯಲ್ಲೂ ಮತ್ತೆ ಮತ್ತೆ ಚಾರ್ಜ್ ಹುಟ್ಟಿಸುತ್ತದೆ. ಅದಕ್ಕೆ ದಾರಿ ಸಿಕ್ಕುವುದು ಮುಟ್ಟಿದವರ ಮೈಯಲ್ಲೇ.

"ಗೊತ್ತಿರುವ ಎಲೆಕ್ಟ್ರಿಷಿಯನ್ ಕರೆಸಿ ಮೂರ್ನಾಲ್ಕು ಕಡೆ ಅರ್ತಿಂಗ್ ಮಾಡಿಸಿ ಮಾವ. ಅಲ್ಲಿವರೆಗೆ ಮಕ್ಕಳನ್ನು ಬಿಡಬೇಡಿ" ಅಂದೆ. ತಂತಿ ಉದ್ದ ಇದ್ದಷ್ಟು ಏಟು ಜಾಸ್ತಿ. ಇದನ್ನು ಸಣ್ಣ ಮಾತು ಎಂದು ಬಿಡಲು ನನಗೆ ಮನಸ್ಸಿಲ್ಲ.

ರಾತ್ರಿ ಮತ್ತೆ ಜೋರು ಮಳೆ. ಪ್ರತಿ ವರ್ಷ ಬರುವ ಪರ್ಸೀಡ್ ಉಲ್ಕೆಗಳು ಜಾಸ್ತಿ ಬೀಳುವುದು ಆಗಸ್ಟ್ 12-13ರ ಸುಮಾರಿಗೆ, ನಮ್ಮ ಕರಾವಳಿಗೆ ಆಗ ಆಕಾಶವೇ ಇರುವುದಿಲ್ಲ! ಅದಕ್ಕೇ ಉಲ್ಕೆಗಳನ್ನು ರೇಡಿಯೋದಲ್ಲಿ ಕೇಳುವುದು. ಹತ್ತಿರದ ಯಾವ ಸ್ಟೇಷನ್ನೂ ಇಲ್ಲದ ಎಫ್‌ಎಂ ಜಾಗಕ್ಕೆ ಟ್ಯೂನ್ ಮಾಡಿ ಕೂತೆ. ಬರೀ ಶ್... ಎಂಬ ಸದ್ದು. ಸೆಕೆಂಡಿಗೆ 59 ಕಿ.ಮೀ. ವೇಗದಲ್ಲಿ ಬರುವ ಧೂಳಿನ ಕಣ ಸುಮಾರು 100 ಕಿ.ಮೀ. ಎತ್ತರದಲ್ಲಿ ಉರಿದಾಗ ಅಲ್ಲಿನ ಗಾಳಿ ಅಯಾನು, ಅಂದರೆ ಚಾರ್ಜ್ ಇರುವ ಕಣಗಳ ಗೆರೆ ಆಗುತ್ತದೆ. ಆ ಗೆರೆಗೆ ತಾಗಿ ಪುಟಿದು ದೂರದ ಸ್ಟೇಷನ್ ಒಂದು ಗಳಿಗೆ ಇಲ್ಲಿಗೂ ಬರುತ್ತದೆ.

ಮಾವ ಚಾಪೆ ತಂದು ಪಕ್ಕದಲ್ಲೇ ಕೂತರು. ಹೊರಗೆ ಲೈನ್ ಮಳೆಗೆ ಚರಚರ ಎನ್ನುತ್ತಿತ್ತು. ಆಗ ಯಾವುದೋ ಹೆಂಗಸಿನ ದನಿ, ಹಿಂದಿಯ ಅರ್ಧ ಶಬ್ದ. ಕಟ್!

"ಯಾರು ಅದು?"

"ಉಲ್ಕೆ ಬಿತ್ತು ಮಾವ. ಎಲ್ಲಿನ ಸ್ಟೇಷನ್ನೋ."

"ಹಗಲಲ್ಲಿ ಬಿದ್ದರೂ ಕೇಳುತ್ತದಾ?"

ಕೇಳುತ್ತದೆ! ಎಷ್ಟು ಖುಷಿಯಾಯಿತು ಆ ಪ್ರಶ್ನೆಗೆ. ಬೆಳಗಿನ ಜಾವದವರೆಗೂ ಎದ್ದು ಹೋಗಲಿಲ್ಲ ಅವರು.

ಆ ಚರಚರ ಕೊರೊನಾದ್ದು, ಅಂದರೆ ಲೈನಿನ ತಂತಿಯಿಂದ ಸುತ್ತಲ ಗಾಳಿಗೆ ಸೋರುವ ವಿದ್ಯುತ್ತಿನದ್ದು. ಮಳೆಗೆ ಜೋರಾಗುತ್ತದೆ, ಆದರೆ ಎಫ್‌ಎಂ ಮಟ್ಟಕ್ಕೆ ಅದರ ಕಾಟ ಕಡಿಮೆ. ಎಫ್‌ಎಂ ಹಾಳು ಮಾಡುವುದು ಲೈನಿನ ಸಡಿಲ ಜೋಡಣೆಗಳಲ್ಲಿ ಹಾರುವ ಕಿಡಿ, ಅದೂ ಒಣ ದಿನಗಳಲ್ಲೇ ಜಾಸ್ತಿ. ಹಾಗಾಗಿ ಡಿಸೆಂಬರಿನ ಜೆಮಿನಿಡ್ಸ್ ಉಲ್ಕೆಗಳ ಹೊತ್ತಿಗೇ ನನಗೆ ಚಿಂತೆ. ಆಂಟೆನಾವನ್ನು ಹಟ್ಟಿಯ ಆಚೆಗೆ ಒಯ್ಯಬೇಕು. ಅಲ್ಲಿ ತೆಂಗು ಅಡ್ಡ. ಗದ್ದೆ ಬದಿಗೆ ಇಟ್ಟರೆ ಕೇಬಲ್ ಉದ್ದವಾಗುತ್ತದೆ, ಸಿಗ್ನಲ್ ಮೊದಲೇ ಅಷ್ಟು ಸಣ್ಣದು, ಇನ್ನು...