ಕೇಬಲ್ ಮೊದಲು, ಕರ್ಲ್ ಆಮೇಲೆ

ಫೀಲ್ಡ್ ಥಿಯರಿ, ಅಂದರೆ ವಿದ್ಯುತ್ಕಾಂತ ಕ್ಷೇತ್ರಗಳ ಪಾಠ, ಸಾಮಾನ್ಯವಾಗಿ ವೆಕ್ಟರ್ ಗಣಿತದಿಂದ ಶುರುವಾಗುತ್ತದೆ. ಮೂರು ಬಗೆಯ ನಿರ್ದೇಶಾಂಕಗಳು, ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುವುದನ್ನು ಅಳೆಯುವ ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್. ಅದರ ಬೆನ್ನಿಗೆ ಕೂಲಂಬ್, ಗಾಸ್, ಆಂಪಿಯರ್, ಫ್ಯಾರಡೆ ನಿಯಮಗಳು. ಮ್ಯಾಕ್ಸ್‌ವೆಲ್ ಹೊತ್ತಿಗೆ ಸೆಮಿಸ್ಟರ್ ಮುಗಿಯುತ್ತ ಬಂದಿರುತ್ತದೆ, ಅಲೆಗಳಿಗೆ ಉಳಿಯುವುದು ಅವಸರದ ಕೆಲವು ತರಗತಿ. ನನ್ನ ವಾದ ಇಷ್ಟೇ: ಮೊದಲ ಎರಡು ಮೂರು ವಾರ ಟ್ರಾನ್ಸ್‌ಮಿಷನ್ ಲೈನ್‌ಗೆ, ಅಂದರೆ ಅಲೆ ಸಾಗಿಸುವ ಜೋಡಿ ವಾಹಕಕ್ಕೆ ಕೊಡಿ, ಅದೂ ಫೇಸರ್ (ಸೈನ್ ಅಲೆಯನ್ನು ಸಂಕೀರ್ಣ ಸಂಖ್ಯೆಯಾಗಿ ಬರೆಯುವ ಕ್ರಮ) ಇಲ್ಲದೆ, ಬರೀ ಪಲ್ಸ್‌ಗಳಲ್ಲಿ. ಸರ್ಕ್ಯೂಟ್ ಓದಿ ಬಂದ ವಿದ್ಯಾರ್ಥಿಗೆ ವೋಲ್ಟೇಜ್, ಕರೆಂಟ್, ಓಮ್ ಎಲ್ಲ ಗೊತ್ತು. ಗೊತ್ತಿಲ್ಲದ್ದು ಒಂದೇ: ತಂತಿಯ ಈ ತುದಿಯಲ್ಲಿ ಆದದ್ದು ಆ ತುದಿಗೆ ತಲುಪಲು ಹೊತ್ತು ಹಿಡಿಯುತ್ತದೆ ಎಂಬುದು. ಇಡೀ ವಿಷಯ ನಿಂತಿರುವುದೇ ಅದರ ಮೇಲೆ.

ಬೇಕಾದ ಸಾಮಾನು ಕಡಿಮೆ. 20 ಮೀಟರ್ ಆರ್‌ಜಿ-58 ಕೋಆಕ್ಸಿಯಲ್ ಕೇಬಲ್, 50 ಓಮ್ ಔಟ್‌ಪುಟ್ ಇರುವ ಫಂಕ್ಷನ್ ಜನರೇಟರ್, 100 ಮೆಗಾಹರ್ಟ್ಸ್ ಸ್ಕೋಪು (ಆಸಿಲೋಸ್ಕೋಪ್), ಒಂದು ಬಿಎನ್‌ಸಿ ಟೀ (ಮೂರು ಬಾಯಿಯ ಕನೆಕ್ಟರ್), ನಾಲ್ಕು 100 ಓಮ್ ರೆಸಿಸ್ಟರ್. ರೆಸಿಸ್ಟರ್ ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಇರಲಿ; ತಂತಿ ಸುತ್ತಿದ ಬಗೆ ಬೇಡ, ಅದರ ಇಂಡಕ್ಟೆನ್ಸ್ ಆಟ ಕೆಡಿಸುತ್ತದೆ. ಒಂದು ರೆಸಿಸ್ಟರ್ ಇಟ್ಟರೆ 100 ಓಮ್, ಎರಡು ಪ್ಯಾರಲಲ್ ಆದರೆ 50, ನಾಲ್ಕೂ ಆದರೆ 25.

ಮೊದಲು ಎಲ್‌ಸಿಆರ್ ಮೀಟರ್‌ನಲ್ಲಿ ಕೇಬಲ್ಲನ್ನೇ ಅಳೆಯಿಸಿ. ದೂರದ ತುದಿ ತೆರೆದಿದ್ದಾಗ ಸುಮಾರು 2 ನ್ಯಾನೋಫ್ಯಾರಡ್ ಕೆಪಾಸಿಟೆನ್ಸ್, ಶಾರ್ಟ್ ಮಾಡಿದಾಗ ಸುಮಾರು 5 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಬರುತ್ತದೆ. ಇಂಡಕ್ಟೆನ್ಸನ್ನು ಕೆಪಾಸಿಟೆನ್ಸ್‌ನಿಂದ ಭಾಗಿಸಿದ್ದರ ವರ್ಗಮೂಲ 50 ಓಮ್, ಎರಡರ ಗುಣಲಬ್ಧದ ವರ್ಗಮೂಲ 100 ನ್ಯಾನೋಸೆಕೆಂಡ್. ಕ್ಯಾರಕ್ಟರಿಸ್ಟಿಕ್ ಇಂಪೀಡೆನ್ಸ್ (ಕೇಬಲ್‌ನಲ್ಲಿ ಸಾಗುವ ಅಲೆಯ ವೋಲ್ಟೇಜ್-ಕರೆಂಟ್ ಅನುಪಾತ) ಮತ್ತು ವಿಳಂಬ ಎರಡೂ ಸಮೀಕರಣ ಬರೆಯುವ ಮೊದಲೇ ಕೈಗೆ ಸಿಕ್ಕವು. 20 ಮೀಟರಿಗೆ 100 ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್, ಬೆಳಕಿನ ವೇಗದ ಮೂರನೇ ಎರಡು ಪಾಲು. ಒಳಗಿರುವ ಪಾಲಿಥಿಲೀನ್‌ನ ಸಾಪೇಕ್ಷ ಪರ್ಮಿಟಿವಿಟಿ 2.25ರ ಆಸುಪಾಸು, ಅದರ ವರ್ಗಮೂಲ 1.5, ಬೆಳಕಿನ ವೇಗ ಅಷ್ಟರಿಂದ ಭಾಗವಾಗುತ್ತದೆ. ಲೆಕ್ಕ ಕೂಡಿಬರುತ್ತದೆ.

ಇಲ್ಲಿ ಎಡವುವ ಜಾಗ ಎರಡಿವೆ. ಮೀಟರನ್ನು 1 ಕಿಲೋಹರ್ಟ್ಸ್‌ನಲ್ಲಿ ಇಟ್ಟರೆ ಇಂಡಕ್ಟೆನ್ಸ್ ಓದು ನಂಬುವಂತಿರುವುದಿಲ್ಲ. ಆ ಆವರ್ತನದಲ್ಲಿ ಒಂದು ಮೀಟರ್ ಕೇಬಲ್‌ನ ಇಂಡಕ್ಟಿವ್ ರಿಯಾಕ್ಟೆನ್ಸ್ ಬರೀ 1.6 ಮಿಲಿಓಮ್, ತಾಮ್ರದ ರೆಸಿಸ್ಟೆನ್ಸ್ ಅದರ ಹಲವು ಪಟ್ಟು. ಇಂಡಕ್ಟೆನ್ಸ್ ಅದರಡಿ ಮುಳುಗಿಹೋಗುತ್ತದೆ. ಹಾಗೆಂದು 1 ಮೆಗಾಹರ್ಟ್ಸ್‌ಗೆ ಏರಿಸಿದರೆ ಇನ್ನೊಂದು ತೊಂದರೆ: ಕೇಬಲ್‌ನೊಳಗೆ ತರಂಗಾಂತರ 200 ಮೀಟರ್, ನಮ್ಮ ಕೇಬಲ್ ಅದರ ಹತ್ತನೇ ಒಂದು ಭಾಗ, ಓದು ಸುಮಾರು 16 ಶೇಕಡಾ ಹೆಚ್ಚು ಬರುತ್ತದೆ. 100 ಕಿಲೋಹರ್ಟ್ಸ್ ಸರಿಯಾದ ಜಾಗ. ಈ 16 ಶೇಕಡಾ ವ್ಯತ್ಯಾಸವನ್ನು ಗುರುತು ಹಾಕಿಸಿ ಇಡಿ. ಮುಂದೆ ಶಾರ್ಟ್ ಆದ ಲೈನ್‌ನ ಇಂಪೀಡೆನ್ಸ್ ಟ್ಯಾನ್ ಸೂತ್ರದಲ್ಲಿ ಬಂದಾಗ ಅದೇ ಸಂಖ್ಯೆ ತಾನಾಗಿ ಹೊರಬೀಳುತ್ತದೆ. ಟ್ಯಾನ್ 36 ಡಿಗ್ರಿ 0.727, ಕೋನ 0.628 ರೇಡಿಯನ್. ಭಾಗಿಸಿ ನೋಡಲಿ.

ಇನ್ನು ಪಲ್ಸ್. ಜನರೇಟರಿನಿಂದ 500 ಕಿಲೋಹರ್ಟ್ಸ್ ಸ್ಕ್ವೇರ್ ವೇವ್, ತೆರೆದ ತುದಿಯಲ್ಲಿ 0ಯಿಂದ 2 ವೋಲ್ಟ್. ಜನರೇಟರಿನ ಬಾಯಲ್ಲೇ ಟೀ, ಅಲ್ಲಿಂದ ಸ್ಕೋಪಿಗೆ ಆದಷ್ಟು ಗಿಡ್ಡ ಜೋಡಣೆ, ಸ್ಕೋಪಿನ ಇನ್‌ಪುಟ್ 1 ಮೆಗಾಓಮ್‌ನಲ್ಲಿ. ತುದಿಗೆ 100 ಓಮ್ ಜೋಡಿಸುವ ಮೊದಲು ಟೀ ಹತ್ತಿರ ಏನು ಕಾಣುತ್ತದೆಂದು ಪ್ರತಿಯೊಬ್ಬರೂ ಕಾಗದದ ಮೇಲೆ ಚಿತ್ರ ಬರೆಯಬೇಕು. ಬಹುತೇಕ ಚಿತ್ರಗಳಲ್ಲಿ ವೋಲ್ಟೇಜ್ ಒಮ್ಮೆಗೇ 1.33ಕ್ಕೆ ಹಾರಿರುತ್ತದೆ, ಯಾಕೆಂದರೆ 50 ಮತ್ತು 100ರ ಡಿವೈಡರ್ ಲೆಕ್ಕ ತಲೆಯಲ್ಲಿ ಕೂತಿದೆ. ಸ್ಕೋಪಿನಲ್ಲಿ ಮೊದಲು 1 ವೋಲ್ಟ್ ಬರುತ್ತದೆ, 200 ನ್ಯಾನೋಸೆಕೆಂಡ್ ಹಾಗೇ ನಿಲ್ಲುತ್ತದೆ, ಆಮೇಲೆ 1.33ಕ್ಕೆ ಏರುತ್ತದೆ. ಜನರೇಟರಿಗೆ ಅಷ್ಟು ಹೊತ್ತು ತುದಿಯಲ್ಲಿ ಏನಿದೆ ಎಂಬ ಸುದ್ದಿಯೇ ತಲುಪಿಲ್ಲ. ಅದರ ಕಣ್ಣಿಗೆ ಕೇಬಲ್ ಅಂದರೆ ಬರೀ 50 ಓಮ್. ತುದಿಯಲ್ಲಿ 25 ಓಮ್ ಇಟ್ಟರೆ 1ರಿಂದ 0.67ಕ್ಕೆ ಇಳಿಯುತ್ತದೆ. ತೆರೆದಿಟ್ಟರೆ 2, ಶಾರ್ಟ್ ಮಾಡಿದರೆ 0, 50 ಓಮ್ ಇಟ್ಟರೆ ಮೆಟ್ಟಿಲೇ ಇಲ್ಲ. ಪ್ರತಿಫಲನ ಗುಣಾಂಕ, ಅಂದರೆ ಹೋದ ಅಲೆಯ ಎಷ್ಟು ಪಾಲು ತಿರುಗಿ ಬರುತ್ತದೆ ಎಂಬುದು, 100 ಓಮ್‌ಗೆ ಮೂರನೇ ಒಂದು, 25 ಓಮ್‌ಗೆ ಮೈನಸ್ ಮೂರನೇ ಒಂದು. ಈ ಮೈನಸ್ ಮೂರನೇ ಒಂದನ್ನು ನೆನಪಿಡಿಸಿ.

ಸಮಯವಿದ್ದರೆ ತುದಿಗೆ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಇಡಿ. ಪ್ರತಿಫಲನ ಮೊದಲು ಶಾರ್ಟ್‌ನಂತೆ ಕೆಳಗಿಳಿದು, 50 ನ್ಯಾನೋಸೆಕೆಂಡ್ ಟೈಮ್ ಕಾನ್‌ಸ್ಟೆಂಟ್‌ನಲ್ಲಿ ತೆರೆದ ತುದಿಯ ಕಡೆಗೆ ಏರುತ್ತದೆ. ನೂರು ಸ್ಲೈಡು ಹೇಳದ್ದನ್ನು ಆ ಒಂದು ವಕ್ರರೇಖೆ ಹೇಳುತ್ತದೆ.

ಕೆಡುವುದು ಹೇಗೆ? ಸ್ಕೋಪಿನ ಇನ್‌ಪುಟ್ 50 ಓಮ್‌ನಲ್ಲಿ ಉಳಿದುಬಿಟ್ಟರೆ ಮೊದಲ ಮೆಟ್ಟಿಲೇ 0.67 ಆಗುತ್ತದೆ. ಜನರೇಟರಿನ ಪರದೆ 50 ಓಮ್ ಲೋಡ್ ಇದೆಯೆಂದು ಊಹಿಸಿ ಸಂಖ್ಯೆ ತೋರಿಸುತ್ತಿದ್ದರೆ ಎಲ್ಲವೂ ಎರಡು ಪಟ್ಟಿನ ಗೊಂದಲ. ಕೇಬಲ್ 1 ಮೀಟರ್ ಮಾತ್ರ ಇದ್ದು ಜನರೇಟರಿನ ಏರುಗಾಲ 20 ನ್ಯಾನೋಸೆಕೆಂಡ್ ಆಗಿದ್ದರೆ ಏನೂ ಕಾಣುವುದಿಲ್ಲ. ಹೋಗಿ ಬರುವ 10 ನ್ಯಾನೋಸೆಕೆಂಡ್ ಆ ಏರಿನೊಳಗೇ ಅಡಗಿರುತ್ತದೆ. ಟೀ ಬದಲು ಮಾಮೂಲಿ ಪ್ರೋಬ್ ಹಿಡಿದರೆ ಅದರ ಉದ್ದನೆಯ ಗ್ರೌಂಡ್ ಕ್ಲಿಪ್ಪು 100 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ರಿಂಗ್ ಆಗಿ, ಇಲ್ಲದ ಅಲೆ ತೋರಿಸುತ್ತದೆ.

"1.33 ವೋಲ್ಟ್ ಹೇಗೆ? ಬಂದ ಅಲೆಗಿಂತ ಮುಂದೆ ಹೋದದ್ದೇ ಹೆಚ್ಚಾಯಿತಲ್ಲ?" ಎಂಬ ಪ್ರಶ್ನೆ ಬಂದರೆ ತರಗತಿ ಸರಿದಾರಿಯಲ್ಲಿದೆ. ವೋಲ್ಟೇಜ್ ಮೂರನೇ ನಾಲ್ಕು, ಕರೆಂಟ್ ಮೂರನೇ ಎರಡು, ಗುಣಿಸಿದರೆ ಬಂದ ಶಕ್ತಿಯ ಒಂಬತ್ತನೇ ಎಂಟು. ಉಳಿದ ಒಂಬತ್ತನೇ ಒಂದು ವಾಪಸು ಹೋಗಿದೆ.

ಸ್ಥಿರವಿದ್ಯುತ್ ಕಲಿಸದೆ ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಹೇಗೆ ಬಳಸುತ್ತೀರಿ ಎಂಬ ಆಕ್ಷೇಪ ಇದ್ದೇ ಇದೆ. ಅಳೆದು ಬಳಸುತ್ತೇವೆ, ಅಷ್ಟೇ. ಆ 2 ನ್ಯಾನೋಫ್ಯಾರಡ್ ಎಲ್ಲಿಂದ ಬಂತು ಎನ್ನುವುದೇ ಗಾಸ್ ನಿಯಮಕ್ಕೆ ಹೋಗಲು ಕಾರಣವಾಗುತ್ತದೆ. 5 ಮೈಕ್ರೋಹೆನ್ರಿ ಆಂಪಿಯರ್ ನಿಯಮದ ಕಡೆ ಕರೆದೊಯ್ಯುತ್ತದೆ. ಕೋಆಕ್ಸಿಯಲ್ ಒಂದನ್ನೇ ಇಟ್ಟುಕೊಂಡು ಶಕ್ತಿಯ ಹರಿವನ್ನು ಹೇಳುವ ಪಾಯಿಂಟಿಂಗ್ ವೆಕ್ಟರ್‌ವರೆಗೂ ಹೋಗಬಹುದು: ಎರಡು ವಾಹಕಗಳ ನಡುವಿನ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಎರಡೂ ತ್ರಿಜ್ಯಕ್ಕೆ ವಿಲೋಮ, ಅವುಗಳ ಗುಣಲಬ್ಧವನ್ನು ಅಡ್ಡಕೊಯ್ತದ ಮೇಲೆ ಇಂಟಿಗ್ರೇಟ್ ಮಾಡಿದರೆ ಸರಿಯಾಗಿ ವೋಲ್ಟೇಜ್ ಗುಣಿಸು ಕರೆಂಟ್. ಶಕ್ತಿ ಹರಿದದ್ದು ತಾಮ್ರದಲ್ಲಲ್ಲ, ಪ್ಲಾಸ್ಟಿಕ್‌ನಲ್ಲಿ. ಡಿಸಿಯಲ್ಲೂ ಹಾಗೇ.

ವೆಕ್ಟರ್ ಗಣಿತ ಬೇಡವೆಂದಲ್ಲ. ಅದು ಬೇಕಾಗುವ ಹೊತ್ತಿಗೆ ಬರಲಿ. ಕರ್ಲ್ ಲೆಕ್ಕ ಹಾಕಲು ಎಲ್ಲರಿಗೂ ಬರುತ್ತದೆ, ಅದೇನೆಂದು ಕೇಳಿದರೆ "ಸುತ್ತುವಿಕೆ" ಎಂಬ ಉತ್ತರ. ಆ ಉತ್ತರವನ್ನು ಮುರಿಯಲು ಎರಡು ಕ್ಷೇತ್ರ ಸಾಕು. ಒಂದು, ಎಕ್ಸ್ ದಿಕ್ಕಿನಲ್ಲೇ ನೇರ ಹರಿಯುತ್ತ, ವೈ ಹೆಚ್ಚಿದಂತೆ ಬಲಿಯುವ ಕ್ಷೇತ್ರ. ರೇಖೆಗಳೆಲ್ಲ ನೇರ, ಆದರೂ ಕರ್ಲ್ ಸೊನ್ನೆಯಲ್ಲ. ಇನ್ನೊಂದು, ಉದ್ದ ತಂತಿಯ ಸುತ್ತಲಿನ ಕಾಂತಕ್ಷೇತ್ರ. ರೇಖೆಗಳೆಲ್ಲ ವೃತ್ತ, ಆದರೂ ತಂತಿಯ ಹೊರಗೆ ಎಲ್ಲೆಡೆ ಕರ್ಲ್ ಸೊನ್ನೆ. ಡೈವರ್ಜೆನ್ಸ್‌ಗೂ ಇಂಥದೇ: ಬಿಂದು ಚಾರ್ಜಿನ ಕ್ಷೇತ್ರ ಹರಡಿಕೊಳ್ಳುತ್ತ ಹೋದರೂ ಚಾರ್ಜ್ ಇರುವ ಬಿಂದು ಬಿಟ್ಟು ಬೇರೆಲ್ಲೂ ಡೈವರ್ಜೆನ್ಸ್ ಇಲ್ಲ.

ಇಂಟಿಗ್ರಲ್‌ಗಳಲ್ಲಿ ಪದೇ ಪದೇ ಕಾಣುವ ತಪ್ಪು ಒಂದಿದೆ. ಚಾರ್ಜ್ ತುಂಬಿದ ಉಂಗುರದ ಕ್ಷೇತ್ರ ಹುಡುಕುವಾಗ ತ್ರಿಜ್ಯ ದಿಕ್ಕಿನ ಯೂನಿಟ್ ವೆಕ್ಟರನ್ನು ಇಂಟಿಗ್ರಲ್‌ನಿಂದ ಹೊರಗೆಳೆಯುವುದು. ಅದು ಕೋನದ ಜತೆ ತಿರುಗುತ್ತಿರುತ್ತದೆ. ಪೂರ್ತಿ ಸುತ್ತಿನ ಮೇಲೆ ಅದರ ಇಂಟಿಗ್ರಲ್ ಸೊನ್ನೆ, 2 ಪೈ ಅಲ್ಲ. ಯೂನಿಟ್ ವೆಕ್ಟರನ್ನು ಎಕ್ಸ್-ವೈ ಭಾಗಗಳಾಗಿ ಬಿಡಿಸದೆ ಇಂಟಿಗ್ರೇಟ್ ಮಾಡಿದರೆ ಅಂಕ ಇಲ್ಲ ಎಂಬ ನಿಯಮ ಕಠಿಣವಾದರೂ ಕೆಲಸ ಮಾಡುತ್ತದೆ. ಗಾಸ್ ನಿಯಮದ್ದು ಬೇರೆ ಕಾಯಿಲೆ: ಸಮ್ಮಿತಿ ನೋಡದೆ ಕ್ಷೇತ್ರವನ್ನು ಹೊರಗೆಳೆಯುವುದು. ಘನದ ನಡುವೆ ಬಿಂದು ಚಾರ್ಜ್ ಇಟ್ಟು ಒಂದು ಮುಖದ ಫ್ಲಕ್ಸ್ ಕೇಳಿ, ಆಮೇಲೆ ಆ ಮುಖದ ಮೂಲೆಯಲ್ಲಿ ಕ್ಷೇತ್ರ ಎಷ್ಟೆಂದು ಕೇಳಿ. ಮೊದಲನೆಯದಕ್ಕೆ ಆರನೇ ಒಂದು ಭಾಗ ಎನ್ನುವುದು ಸರಿ. ಎರಡನೆಯದಕ್ಕೂ ಅದನ್ನೇ ವಿಸ್ತೀರ್ಣದಿಂದ ಭಾಗಿಸಿದವರಿಗೆ ನಿಯಮ ಅರ್ಥವಾಗಿಲ್ಲ.

ಫ್ಯಾರಡೆಗೆ ಬಂದಾಗ ಎರಡು ವೋಲ್ಟ್‌ಮೀಟರ್‌ಗಳ ಪ್ರಯೋಗ ಬಿಡಬೇಡಿ. ಸುರುಳಿ ಸುತ್ತಿದ ಫೆರೈಟ್ ಕಡ್ಡಿಯ ಸುತ್ತ 100 ಮತ್ತು 900 ಓಮ್ ಸೇರಿಸಿದ ಒಂದು ಉಂಗುರ. ಸುತ್ತಿನಲ್ಲಿ 100 ಮಿಲಿವೋಲ್ಟ್ ಇಎಂಎಫ್ ಹುಟ್ಟಿದರೆ, ಅದೇ ಎರಡು ಬಿಂದುಗಳ ನಡುವೆ 100 ಓಮ್ ಬದಿಯಿಂದ ಬಂದ ತಂತಿ 10 ಮಿಲಿವೋಲ್ಟ್ ಓದುತ್ತದೆ, 900 ಓಮ್ ಬದಿಯ ತಂತಿ 90, ಅದೂ ತಿರುಗು ಚಿಹ್ನೆಯಲ್ಲಿ. ಸ್ಕೋಪಿನಲ್ಲಿ ಮಾಡುವುದಾದರೆ ಎರಡೂ ಚಾನೆಲ್‌ಗಳ ಗ್ರೌಂಡ್ ಸ್ಕೋಪಿಗೆ ಹತ್ತಿರದ ಬಿಂದುವಿಗೇ ಸೇರಲಿ, ಎರಡು ಕೇಬಲ್‌ಗಳೂ ಅದೇ ಕಡೆಯಿಂದ ಬರಲಿ, ತುದಿಯ ತಂತಿ ಮಾತ್ರ ಕಡ್ಡಿಯ ಎಡಕ್ಕೊಂದು ಬಲಕ್ಕೊಂದು ಹೋಗಲಿ. ಕೇಬಲ್‌ಗಳ ಹೊರ ಜಾಲರಿ ಕಡ್ಡಿಯನ್ನು ಸುತ್ತುವರಿದರೆ ಅದೇ ಶಾರ್ಟ್ ಆದ ಒಂದು ಸುತ್ತಾಗಿ ಎಲ್ಲವನ್ನೂ ಹಾಳುಮಾಡುತ್ತದೆ. ಕಿರ್ಚಾಫ್‌ನ ವೋಲ್ಟೇಜ್ ನಿಯಮ ಎಲ್ಲಿಯವರೆಗೆ ನಡೆಯುತ್ತದೆ ಎಂಬ ಚರ್ಚೆ ಇದಾದ ಮೇಲೆ ತಾನಾಗಿ ಎದ್ದೇಳುತ್ತದೆ. ಒಂದು ಗಂಟೆ ಬಿಟ್ಟುಕೊಡಿ.

ಪ್ಲೇನ್ ವೇವ್ ಹೊತ್ತಿಗೆ ಹೊಸದಾಗಿ ಕಲಿಸುವುದು ಅಷ್ಟೇನೂ ಉಳಿದಿರುವುದಿಲ್ಲ. ನಿರ್ವಾತದ ಇಂಪೀಡೆನ್ಸ್ 377 ಓಮ್. ಸಾಪೇಕ್ಷ ಪರ್ಮಿಟಿವಿಟಿ 4 ಇರುವ ವಸ್ತುವಿನದ್ದು ಅದರ ಅರ್ಧ. ಹಾಗಾಗಿ ನೇರವಾಗಿ ಬಿದ್ದ ಅಲೆಗೆ ಪ್ರತಿಫಲನ ಗುಣಾಂಕ ಮೈನಸ್ ಮೂರನೇ ಒಂದು, ಕೇಬಲ್ ತುದಿಯ 25 ಓಮ್‌ಗೆ ಬಂದಿತ್ತಲ್ಲ, ಅದೇ. ಇದನ್ನು ಎಫ್‌ಡಿಟಿಡಿಯಲ್ಲಿ, ಅಂದರೆ ಜಾಗವನ್ನು ಸೆಲ್‌ಗಳಾಗಿ, ಕಾಲವನ್ನು ಹೆಜ್ಜೆಗಳಾಗಿ ಕತ್ತರಿಸಿ ಮ್ಯಾಕ್ಸ್‌ವೆಲ್ ಸಮೀಕರಣ ಬಿಡಿಸುವ ಕಂಪ್ಯೂಟರ್ ವಿಧಾನದಲ್ಲಿ, ಮತ್ತೆ ಮಾಡಿಸಿ. 1966ರಲ್ಲಿ ಯೀ ಕೊಟ್ಟ ವಿಧಾನ. ಒಂದು ಆಯಾಮದಲ್ಲಿ ಪೈಥಾನ್‌ನಲ್ಲಿ ಮೂವತ್ತು ಸಾಲು ದಾಟುವುದಿಲ್ಲ. 400 ಸೆಲ್, ಎಡ ಅರ್ಧ ಗಾಳಿ, ಬಲ ಅರ್ಧ ಪರ್ಮಿಟಿವಿಟಿ 4, ಕೂರಂಟ್ ಸಂಖ್ಯೆ (ಗಾಳಿಯಲ್ಲಿ ಅಲೆ ಒಂದು ಹೆಜ್ಜೆಗೆ ದಾಟುವ ಸೆಲ್‌ಗಳು) 1. ಕಾಂತಕ್ಷೇತ್ರವನ್ನು 377ರಿಂದ ಗುಣಿಸಿ ಇಟ್ಟುಕೊಂಡರೆ ವಿದ್ಯುತ್ ಕ್ಷೇತ್ರದ ಸಾಲಿನಲ್ಲಿ ಗುಣಕ ಗಾಳಿಯಲ್ಲಿ 1, ವಸ್ತುವಿನಲ್ಲಿ 0.25. ಅಲೆಯ ವೇಗ ಅರ್ಧವಾಯಿತೆಂದು 0.5 ಬರೆಯುವವರು ಸಿಗುತ್ತಾರೆ. ಅವರಿಗೆ ಪ್ರತಿಫಲನ ಮೈನಸ್ 0.17 ಬರುತ್ತದೆ, ಅದು ಪರ್ಮಿಟಿವಿಟಿ 2ರ ಉತ್ತರ. ಕೂರಂಟ್ ಸಂಖ್ಯೆ 1.01 ಮಾಡಿ ನೋಡಲಿ, ಸಂಖ್ಯೆಗಳು ಮಿತಿಮೀರಿ ಬೆಳೆದು ಪರದೆ ಸಿಡಿಯುತ್ತದೆ. ಎಡ ಅಂಚಿನಲ್ಲಿ ಪಕ್ಕದ ಸೆಲ್‌ನ ಹಿಂದಿನ ಬೆಲೆ ನಕಲು ಮಾಡಿದರೆ ಅಲೆ ಸದ್ದಿಲ್ಲದೆ ಹೊರಹೋಗುತ್ತದೆ. ಬಲ ಅಂಚಿನಲ್ಲಿ ಅದೇ ತಂತ್ರ ನಡೆಯುವುದಿಲ್ಲ, ಅಲ್ಲಿ ಒಂದು ಸೆಲ್ ದಾಟಲು ಎರಡು ಹೆಜ್ಜೆ ಬೇಕು. ಎರಡು ಹೆಜ್ಜೆ ಹಿಂದಿನ ಬೆಲೆ ನಕಲು ಮಾಡಬೇಕು. ಪಲ್ಸ್ ತೀರ ಕಿರಿದಾಗಿದ್ದರೆ ವಸ್ತುವಿನೊಳಗೆ ಅದರ ಬಾಲದಲ್ಲಿ ಸುಳ್ಳು ಅಲೆಗಳೇಳುತ್ತವೆ. ಅದು ಭೌತಶಾಸ್ತ್ರವಲ್ಲ, ಗ್ರಿಡ್‌ನ ದೋಷ.

ವಾಹಕ, ಅವಾಹಕ ಎಂಬ ಭೇದ ವಸ್ತುವಿನದ್ದಷ್ಟೇ ಅಲ್ಲ, ಆವರ್ತನದ್ದೂ ಹೌದು ಎಂದು ತೋರಿಸಲು ಸಮುದ್ರದ ನೀರು ಸಾಕು. ವಾಹಕತೆ ಮೀಟರಿಗೆ 4 ಸೀಮೆನ್ಸ್, ಸಾಪೇಕ್ಷ ಪರ್ಮಿಟಿವಿಟಿ 80ರ ಹತ್ತಿರ ಎಂದು ಹಿಡಿದರೆ ಚಾರ್ಜ್ ಹರಿಯುವ ಕಂಡಕ್ಷನ್ ಕರೆಂಟ್ ಮತ್ತು ಬದಲಾಗುವ ವಿದ್ಯುತ್ ಕ್ಷೇತ್ರದ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್ ಸಮವಾಗುವುದು ಸುಮಾರು 900 ಮೆಗಾಹರ್ಟ್ಸ್‌ನಲ್ಲಿ. 10 ಕಿಲೋಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ (ಅಲೆ ಸುಮಾರು 37 ಶೇಕಡಾಕ್ಕೆ ಇಳಿಯುವ ಆಳ) ಎರಡೂವರೆ ಮೀಟರ್. ಜಲಾಂತರ್ಗಾಮಿಗಳಿಗೆ ಅಷ್ಟು ಕೆಳಗಿನ ಆವರ್ತನವೇ ಯಾಕೆ ಎನ್ನುವುದಕ್ಕೆ ಬೇರೆ ವಿವರಣೆ ಬೇಡ. ತಾಮ್ರಕ್ಕೆ 1 ಮೆಗಾಹರ್ಟ್ಸ್‌ನಲ್ಲಿ 66 ಮೈಕ್ರೋಮೀಟರ್ ಎಂಬ ಒಂದು ಸಂಖ್ಯೆ ಬಾಯಿಪಾಠವಿರಲಿ, ಉಳಿದದ್ದು ವರ್ಗಮೂಲದಿಂದ ಬರುತ್ತದೆ.

ಸಂಕೇತಗಳ ಗೊಂದಲಕ್ಕೆ ಮೊದಲ ದಿನವೇ ಒಂದು ಹಾಳೆ ಹಂಚಿಬಿಡಿ. ಗಣಿತದವರ ಪುಸ್ತಕದಲ್ಲಿ ಥೀಟಾ ಮತ್ತು ಫೈ ಅದಲುಬದಲು ಇರುವುದುಂಟು. ರೋ ಎಂಬ ಅಕ್ಷರ ಒಮ್ಮೆ ಚಾರ್ಜ್ ಸಾಂದ್ರತೆ, ಇನ್ನೊಮ್ಮೆ ತ್ರಿಜ್ಯ. ಭೌತಶಾಸ್ತ್ರದ ಪುಸ್ತಕಗಳಲ್ಲಿ ಕಾಲದ ಘಾತಾಂಕಕ್ಕೆ ಸಾಮಾನ್ಯವಾಗಿ ಮೈನಸ್ ಚಿಹ್ನೆ, ಎಂಜಿನಿಯರುಗಳಲ್ಲಿ ಪ್ಲಸ್. ನಷ್ಟವಿರುವ ವಸ್ತುವಿನ ಪರ್ಮಿಟಿವಿಟಿಯ ಇಮ್ಯಾಜಿನರಿ ಭಾಗದ ಚಿಹ್ನೆ ಅದರ ಜತೆಗೇ ತಿರುಗುತ್ತದೆ, ಬೆರೆಸಿದರೆ ಅಲೆ ಕ್ಷೀಣಿಸುವ ಬದಲು ಬೆಳೆಯುತ್ತದೆ. ವೃತ್ತೀಯ ಧ್ರುವೀಕರಣದ ಬಲಗೈ-ಎಡಗೈ ಕೂಡ ಐಇಇಇ ವ್ಯಾಖ್ಯೆಯಲ್ಲಿ ಒಂದು, ದೃಗ್ವಿಜ್ಞಾನದ ಹಳೆಯ ರೂಢಿಯಲ್ಲಿ ಅದಕ್ಕೆ ತದ್ವಿರುದ್ಧ.

ಕೊನೆಗೆ ಎಕ್ಸ್ ಬ್ಯಾಂಡ್ ಬೆಂಚು, ಅಂದರೆ 10 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೋವೇವ್ ಪ್ರಯೋಗ. ಅಲೆ ಸಾಗಿಸುವ ಟೊಳ್ಳು ಲೋಹದ ಕೊಳವೆಯಾದ ಡಬ್ಲ್ಯೂಆರ್-90 ಗೈಡ್‌ನ ಒಳ ಅಗಲ 22.86 ಮಿಲಿಮೀಟರ್, ಟಿಇ10 ಎಂಬ ಮೊದಲ ಮೋಡ್‌ನ ಕಟ್‌ಆಫ್ (ಅದಕ್ಕಿಂತ ಕೆಳಗಿನ ಆವರ್ತನ ಸಾಗದು) 6.56 ಗಿಗಾಹರ್ಟ್ಸ್. 10 ಗಿಗಾಹರ್ಟ್ಸ್‌ನಲ್ಲಿ ಗೈಡ್ ತರಂಗಾಂತರ 39.7 ಮಿಲಿಮೀಟರ್, ನಿಂತ ಅಲೆಯ ಪಕ್ಕಪಕ್ಕದ ಎರಡು ಮಿನಿಮಾಗಳ ಅಂತರ 19.9ರ ಹತ್ತಿರ ಬರಬೇಕು. 15 ಬಂದಿದೆ ಎಂದು ಬರೆದವರು ಅಳೆದಿಲ್ಲ, ಗಾಳಿಯ ತರಂಗಾಂತರದಿಂದ ಲೆಕ್ಕ ಹಾಕಿದ್ದಾರೆ. ಮ್ಯಾಕ್ಸಿಮಾ ಅಳೆಯಬೇಡಿ, ಅಲ್ಲಿ ಶಿಖರ ಚಪ್ಪಟೆ, ಮಿನಿಮಾ ಚೂಪು. ಪ್ರೋಬನ್ನು ತೀರ ಆಳಕ್ಕೆ ಇಳಿಸಿದರೆ ಅದೇ ಒಂದು ಲೋಡ್ ಆಗಿ ಮಿನಿಮಾದ ಜಾಗ ಕದಲಿಸುತ್ತದೆ. ಓದಲು ಸಾಕಾಗುವಷ್ಟು ಸಿಗ್ನಲ್ ಬಂದ ಕೂಡಲೇ ನಿಲ್ಲಿಸಿ. ಡಿಟೆಕ್ಟರ್ ಡಯೋಡ್ ಕಡಿಮೆ ಮಟ್ಟದಲ್ಲಿ ಸ್ಕ್ವೇರ್-ಲಾ ಪಾಲಿಸುವುದರಿಂದ ಮೀಟರ್ ತೋರಿಸುವುದು ಪವರ್‌ಗೆ ಅನುಪಾತದಲ್ಲಿ. ಮಿಲಿವೋಲ್ಟ್‌ಗಳಲ್ಲಿ ಓದಿದರೆ ವಿಎಸ್‌ಡಬ್ಲ್ಯೂಆರ್‌ಗೆ (ನಿಂತ ಅಲೆಯ ಗರಿಷ್ಠ ಮತ್ತು ಕನಿಷ್ಠ ವೋಲ್ಟೇಜ್‌ಗಳ ಅನುಪಾತ) ಗರಿಷ್ಠ-ಕನಿಷ್ಠ ಓದುಗಳ ಅನುಪಾತದ ವರ್ಗಮೂಲ ತೆಗೆಯಬೇಕು. ಮೈನಸ್ ಮೂರನೇ ಒಂದು ಪ್ರತಿಫಲನ ಇದ್ದಾಗ ವಿಎಸ್‌ಡಬ್ಲ್ಯೂಆರ್ 2, ಮಿಲಿವೋಲ್ಟ್‌ಮೀಟರಿನ ಎರಡು ಓದುಗಳ ಅನುಪಾತ 4. ರೆಕಾರ್ಡ್ ಪುಸ್ತಕದಲ್ಲಿ 4 ಎಂದೇ ಬರೆದು ತಂದರೆ ಸಹಿ ಹಾಕದೆ ವಾಪಸು ಕಳಿಸಿ.