ಪೊಟ್ಟಣದ ಹಿಂಬದಿ ಓದಿದ ಭಾನುವಾರ

ವಿಕಿಡೇಟಾದಲ್ಲಿ ಎಂಟಿಆರ್ ಅಂತ ಹುಡುಕಿದರೆ ಹಾಂಗ್‌ಕಾಂಗಿನ ಮೆಟ್ರೋ ರೈಲೂ ಬಂದು ನಿಲ್ಲುತ್ತದೆ. ತಪ್ಪೇನಿಲ್ಲ, ಅದರ ಹೆಸರೂ ಎಂಟಿಆರೇ. ಆದರೂ ಲಾಲ್‌ಬಾಗ್ ರಸ್ತೆಯಲ್ಲಿ ದೋಸೆಗೆ ಕಾದು ನಿಂತು ಅಭ್ಯಾಸ ಇರುವ ನಮ್ಮಂಥವರಿಗೆ ಸ್ವಲ್ಪ ಕಸಿವಿಸಿ ಆಗುತ್ತೆ ಅಲ್ವಾ? ಆಷಾಢದ ಒಂದು ಭಾನುವಾರ, ಬೆಳಗಿನಿಂದ ಜಿಟಿಜಿಟಿ ಮಳೆ. ಎಲ್ಲೂ ಹೋಗುವ ಹಾಗಿರಲಿಲ್ಲ. ನಮ್ಮ ಕಡೆಯ ಕಂಪನಿಗಳು, ಅವು ತಯಾರಿಸುವ ವಸ್ತುಗಳು, ಇವುಗಳ ಕೊಂಡಿ ಒಂದಿಷ್ಟು ಸರಿ ಮಾಡೋಣ ಅಂತ ಲ್ಯಾಪ್‌ಟಾಪ್ ತಂದು ಊಟದ ಟೇಬಲ್ ಮೇಲೆ ಇಟ್ಟೆ.

"ಏನೇ ಅದು, ಭಾನುವಾರಾನೂ ಆಫೀಸ್ ಕೆಲಸಾನಾ?" ಅಂದಳು ಅಮ್ಮ.

"ಆಫೀಸ್ ಕೆಲಸ ಅಲ್ಲಮ್ಮ, ಬಿಟ್ಟಿ ಕೆಲಸ."

ವಿಕಿಡೇಟಾ ಗೊತ್ತಿಲ್ಲದವರಿಗೆ ಎರಡು ಮಾತು. ವಿಕಿಪೀಡಿಯ ನಡೆಸುವ ಸಂಸ್ಥೆಯದೇ ಇನ್ನೊಂದು ಯೋಜನೆ, 2012ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಇಲ್ಲಿ ಲೇಖನ ಬರೆಯುವುದಿಲ್ಲ. ಸಂಗತಿಗಳನ್ನು ಒಂದಕ್ಕೊಂದು ಗಂಟು ಹಾಕುತ್ತೇವೆ. ಪ್ರತಿಯೊಂದಕ್ಕೂ ಕ್ಯೂ ಅಕ್ಷರದ ಒಂದು ನಂಬರ್. ಮನುಷ್ಯ ಕ್ಯೂ5, ಕರ್ನಾಟಕ ಕ್ಯೂ1185. ಸಂಬಂಧಗಳಿಗೆ ಪಿ ನಂಬರ್. ತಯಾರಕರು ಅಂದರೆ ಪಿ176, ಮಾಲೀಕರು ಅಂದರೆ ಪಿ127. ಇಂಥ ವಸ್ತು, ಅದರ ತಯಾರಕರು, ಇಂಥ ಕಂಪನಿ: ಹೀಗೆ ಮೂರು ತುಂಡಿನ ಹೇಳಿಕೆಗಳು. ಹಕ್ಕುಸ್ವಾಮ್ಯದ ತಂಟೆ ಇಲ್ಲ, ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದು. ಬಳಸುತ್ತಾರೆ ಕೂಡ. ಅದಕ್ಕೇ ಇಲ್ಲಿ ಒಂದು ಗಂಟು ತಪ್ಪಿದರೆ ಆ ತಪ್ಪು ಎಲ್ಲೆಲ್ಲೋ ಹೋಗಿ ಕೂರುತ್ತದೆ.

ಎಂಟಿಆರ್‌ನೇ ನೋಡಿ. ಬಾಯಲ್ಲಿ ನಾವು ಹೇಳುವುದು ಒಂದೇ ಹೆಸರು. 1924ರಲ್ಲಿ ಮಯ್ಯ ಸಹೋದರರು ಶುರು ಮಾಡಿದ ಹೋಟೆಲ್ ಒಂದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯ ಬೆಲೆಗೆ ಸರ್ಕಾರ ಕಡಿವಾಣ ಹಾಕಿದಾಗ ಇವರು ಪುಡಿ, ಮಿಕ್ಸ್ ಪ್ಯಾಕೆಟ್‌ಗಳಿಗೆ ಇಳಿದರು. ಅದು ಬೆಳೆದು ಬೇರೆ ಕಂಪನಿ ಆಯಿತು. ಆ ಕಂಪನಿಯನ್ನು 2007ರಲ್ಲಿ ನಾರ್ವೆಯ ಆರ್ಕ್ಲಾ ಕೊಂಡಿತು. ಹೋಟೆಲ್ ಮನೆತನದವರ ಕೈಯಲ್ಲೇ ಉಳಿಯಿತು. ಇನ್ನು ಪ್ಯಾಕೆಟ್ ಮೇಲಿನ ಬ್ರ್ಯಾಂಡ್ ಮೂರನೆಯದು. ಮೂರಕ್ಕೂ ಸೇರಿ ಒಂದೇ ಕ್ಯೂ ನಂಬರ್ ಕೊಟ್ಟು, ಮಾಲೀಕರು ಆರ್ಕ್ಲಾ ಅಂತ ಹಾಕಿದರೆ ಏನಾಗುತ್ತೆ? ಲಾಲ್‌ಬಾಗ್ ರಸ್ತೆಯ ಹೋಟೆಲ್ ಯಾರದು ಅಂತ ಕೇಳಿದವರಿಗೆ ಕಂಪ್ಯೂಟರ್ ನಾರ್ವೆಯವರದು ಅನ್ನುತ್ತೆ. ಅದಕ್ಕೆ ಹಿಂದುಮುಂದು ಗೊತ್ತಿಲ್ಲ, ನಾವು ಕೊಟ್ಟದ್ದನ್ನು ಒಪ್ಪಿಸುತ್ತೆ ಅಷ್ಟೇ.

"ಹಾಗಾದ್ರೆ ರವೆ ಇಡ್ಲಿ ಯಾರ್ದು?" ಅಮ್ಮ ಬಿಡಲಿಲ್ಲ.

ಒಳ್ಳೇ ಪ್ರಶ್ನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಿಗದೆ ಆ ಹೋಟೆಲ್‌ನವರೇ ರವೆಯಲ್ಲಿ ಮಾಡಿ ನೋಡಿದರು ಅನ್ನುವುದು ಎಲ್ಲರಿಗೂ ಗೊತ್ತಿರುವ ಕತೆ. ಆದರೆ ರವೆ ಇಡ್ಲಿ ಒಂದು ತಿಂಡಿ. ಇಡ್ಲಿಯ ಒಂದು ಬಗೆ. ಅದನ್ನು ಇವತ್ತು ಯಾರು ಬೇಕಾದರೂ ಮಾಡುತ್ತಾರೆ, ಅಮ್ಮನೂ ಮಾಡುತ್ತಾಳೆ. ಅದಕ್ಕೆ 'ತಯಾರಕರು' ಅಂತ ಯಾರನ್ನೂ ಹಾಕುವ ಹಾಗಿಲ್ಲ. ಪ್ಯಾಕೆಟ್‌ನಲ್ಲಿ ಬರುವ ಮಿಕ್ಸ್‌ಗೆ ಹಾಕಬಹುದು.

ಈ 'ಬಗೆ' ಅನ್ನುವುದರಲ್ಲೇ ಜಗಳ ಜಾಸ್ತಿ. ವಿಕಿಡೇಟಾದಲ್ಲಿ ಪಿ31 ಅಂತ ಒಂದಿದೆ, 'ಇದು ಅದರಲ್ಲಿ ಒಂದು' ಅಂತ ಹೇಳುವುದಕ್ಕೆ. ಪಿ279 ಇನ್ನೊಂದು, 'ಇದು ಅದರ ಒಂದು ಬಗೆ' ಅಂತ ಹೇಳುವುದಕ್ಕೆ. ಅಪ್ಪ ಇನ್ನೂ ಕೀಲಿ ಕೊಟ್ಟು ಕಟ್ಟಿಕೊಳ್ಳುವ ಎಚ್‌ಎಂಟಿ ಜನತಾ ವಾಚ್ ಇದೆಯಲ್ಲ, ಆ ಒಂದು ವಾಚ್ ಪಿ31ರ ಲೆಕ್ಕ. ಎಚ್‌ಎಂಟಿ ಜನತಾ ಅನ್ನುವ ಮಾಡೆಲ್ ಪಿ279ರ ಲೆಕ್ಕ. ಅಪ್ಪನ ವಾಚಿಗೆ ವಿಕಿಡೇಟಾದಲ್ಲಿ ಜಾಗ ಇಲ್ಲ, ಮಾಡೆಲ್‌ಗೆ ಇರಬಹುದು. ಇಷ್ಟು ಸುಲಭ. ಆದರೆ ಮೈಸೂರು ಸ್ಯಾಂಡಲ್ ಸೋಪ್ ಹತ್ತಿರ ಬಂದರೆ ತಲೆ ಬಿಸಿ.

ಅದು ಸೋಪಿನ ಒಂದು ಬಗೆಯೋ, ಒಂದು ಬ್ರ್ಯಾಂಡೋ? ನಾನು ಎರಡನ್ನೂ ಹಾಕುವವಳು. ಬ್ರ್ಯಾಂಡುಗಳಲ್ಲಿ ಒಂದು, ಸೋಪಿನಲ್ಲಿ ಒಂದು ಬಗೆ. ಜರ್ಮನಿಯ ಒಬ್ಬ ಬಳಕೆದಾರರಿಗೆ ಇದು ಹಿಡಿಸುವುದಿಲ್ಲ. ಬ್ರ್ಯಾಂಡ್ ಅಂದರೆ ಬರೀ ಹೆಸರು, ಹೆಸರಿನಿಂದ ಮೈ ತೊಳೆದುಕೊಳ್ಳಲಾಗುವುದಿಲ್ಲ, ಎರಡಕ್ಕೂ ಬೇರೆ ಬೇರೆ ನಂಬರ್ ಇರಬೇಕು ಅನ್ನುವುದು ಅವರ ವಾದ. ತರ್ಕಕ್ಕೆ ಅವರು ಹೇಳುವುದೇ ಸರಿ. ಆದರೆ ಹಾಗೆ ಸೀಳುತ್ತಾ ಹೋದರೆ ಒಂದು ಸೋಪಿಗೆ ನಾಲ್ಕು ಪುಟ ಆಗುತ್ತೆ, ನಾಲ್ಕನ್ನೂ ನೋಡಿಕೊಳ್ಳುವವರು ಯಾರು? ಎಂಟಿಆರ್‌ನಲ್ಲಿ ಸೀಳಲೇಬೇಕು, ಯಾಕೆಂದರೆ ಅಲ್ಲಿ ಮಾಲೀಕರೇ ಬೇರೆ ಬೇರೆ. ಇಲ್ಲಿ ಅಂಥ ಅಗತ್ಯ ನನಗಂತೂ ಕಾಣುವುದಿಲ್ಲ. ಆ ದಿನವೂ ಚರ್ಚಾಪುಟದಲ್ಲಿ ಅವರಿಗೆ ಇದನ್ನೇ ಬರೆದೆ. ಅವರೂ ಮಣಿಯಲಿಲ್ಲ, ನಾನೂ ಮಣಿಯಲಿಲ್ಲ. ಮಾತು ಮಾತ್ರ ತುಂಬಾ ಮರ್ಯಾದೆಯಿಂದಲೇ ನಡೆಯಿತು ಅನ್ನಿ.

ಆ ಸೋಪಿನ ತಯಾರಕರ ಸಾಲು ಇನ್ನೂ ಮಜಾ. ಈಗಿನ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಕಂಪನಿ ಆದದ್ದು 1980ರಲ್ಲಿ. ಸೋಪು ಮಾತ್ರ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು, ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಲ್ಲಿ ಹುಟ್ಟಿದ್ದು. ಕಂಪನಿಗಿಂತ ಸೋಪಿಗೇ ವಯಸ್ಸು ಜಾಸ್ತಿ! ತಯಾರಕರು ಅಂತ ಈಗಿನ ಕಂಪನಿಯನ್ನು ಸುಮ್ನೆ ಹಾಕಿಬಿಟ್ಟರೆ ಅಜ್ಜಿಗಿಂತ ಮೊಮ್ಮಗಳು ಮೊದಲು ಹುಟ್ಟಿದ ಹಾಗಾಗುತ್ತದೆ. ಅದಕ್ಕೆ ಎರಡು ತಯಾರಕರು, ಎರಡಕ್ಕೂ ಕಾಲದ ಮಿತಿ: 1980ರವರೆಗೆ ಸರ್ಕಾರಿ ಕಾರ್ಖಾನೆ, ಅಲ್ಲಿಂದ ಈಚೆಗೆ ಕಂಪನಿ. ಮಾಲೀಕರ ಜಾಗದಲ್ಲಿ ಕೆಲವರು 'ಕರ್ನಾಟಕ' ಅಂತ ಹಾಕುತ್ತಾರೆ. ಕರ್ನಾಟಕ ಅಂದರೆ ನೆಲ, ಜನ, ಜೋಗದ ಗುಂಡಿ ಎಲ್ಲ ಬಂತು. ಕಂಪನಿಯ ಮಾಲೀಕರು ಕರ್ನಾಟಕ ಸರ್ಕಾರ. ಅದರ ನಂಬರೇ ಬೇರೆ.

ನಂದಿನಿ ಹಾಲಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಂದಿನಿ ಬ್ರ್ಯಾಂಡ್. ಅದು ಇರುವುದು ಕೆಎಂಎಫ್ ಹತ್ತಿರ. ಕೆಎಂಎಫ್ ಕಂಪನಿ ಅಲ್ಲ, ಸಹಕಾರಿ ಮಹಾಮಂಡಳ. ಅದರ ಕೆಳಗೆ ಹಾಲು ಒಕ್ಕೂಟಗಳು, ಅವುಗಳ ಕೆಳಗೆ ಹಳ್ಳಿಯ ಡೈರಿಗಳು. 'ಕಂಪನಿ' ಅಂತ ಹಾಕಿದರೆ ಬೆಳಗ್ಗೆ ಕ್ಯಾನ್ ಹಿಡಿದು ಡೈರಿಗೆ ಹೋಗುವ ರೈತರು ಲೆಕ್ಕದಿಂದ ಆಚೆ ಬೀಳುತ್ತಾರೆ. ಹುಡುಕುವಾಗ ವಸಿಷ್ಠರ ಹಸು ನಂದಿನಿಯೂ ಸಿಕ್ಕಿತು. ಹಾಲಿನ ವಿಷಯಕ್ಕೆ ಅದೂ ಅಷ್ಟು ದೂರದ್ದಲ್ಲ, ಆದರೆ ಗಂಟು ಹಾಕುವ ಹಾಗಿಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಅಮ್ಮನಿಗೂ ಹುರುಪು ಬಂತು. ಡಬ್ಬಕ್ಕೆ ಸುರಿಯದೆ ಉಳಿದ ಪ್ಯಾಕೆಟ್‌ಗಳನ್ನೆಲ್ಲ ತಂದು ಮುಂದೆ ಹಾಕಿದಳು. ಅವುಗಳಿಗೆ ಬೇರೆ ಜಾಗ ಇದೆ, ಓಪನ್ ಫುಡ್ ಫ್ಯಾಕ್ಟ್ಸ್ ಅಂತ. ಇದೂ 2012ರದ್ದೇ, ಫ್ರಾನ್ಸಿನಲ್ಲಿ ಶುರುವಾದದ್ದು. ಫೋನಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಫೋಟೋ ತೆಗೆದು, ಏನೇನು ಹಾಕಿದ್ದಾರೆ, ಯಾವ ವರ್ಗದ್ದು ಅಂತ ತುಂಬುವುದು. ಅದರ ವರ್ಗಗಳ ಪಟ್ಟಿಯನ್ನು ವಿಕಿಡೇಟಾ ನಂಬರ್‌ಗಳ ಜೊತೆ ಜೋಡಿಸಿರುತ್ತಾರೆ. ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು ಅಂತ ತುಂಬಾ ಜನ ನಂಬಿದ್ದಾರೆ. ಆ ನಂಬರ್ ಕೊಟ್ಟದ್ದು ಭಾರತದಲ್ಲಿ, ಅಷ್ಟೇ. ಮಾಲು ಎಲ್ಲಿ ತಯಾರಾಯಿತು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಅದನ್ನು ತಿಳಿಯಲು ಪೊಟ್ಟಣದ ಹಿಂಬದಿ ಓದಬೇಕು. ಒಂದು ಸಾಂಬಾರ್ ಪುಡಿ ಪ್ಯಾಕೆಟ್ ಕೈಗೆ ಬಂತು. ಸೂಜಿಮೊನೆಯಷ್ಟು ಅಕ್ಷರ. ಮಾರುವವರ ವಿಳಾಸ ಒಂದು. ಅದರ ಕೆಳಗೆ ತಯಾರಿಕಾ ಘಟಕಗಳು ಎ, ಬಿ, ಸಿ ಅಂತ ಮೂರು ವಿಳಾಸ. ಯಾವುದು ಅಂತ ತಿಳಿಯಲು ಬ್ಯಾಚ್ ನಂಬರಿನ ಮೊದಲ ಅಕ್ಷರ ನೋಡಿ ಅಂತ ಸೂಚನೆ. ಬ್ಯಾಚ್ ನಂಬರ್ ಇದ್ದದ್ದು ಮೇಲುಗಡೆ ಅಂಚಿನಲ್ಲಿ. ಆ ಅಂಚನ್ನು ಅಮ್ಮ ಆಗಲೇ ಕತ್ತರಿಸಿ ಬಿಸಾಕಿದ್ದಳು.

ವರ್ಗದ ವಿಷಯಕ್ಕೆ ಬಂದರೆ ನಮ್ಮ ಅಡುಗೆಮನೆ ಆ ಪಟ್ಟಿಯೊಳಗೆ ಸಲೀಸಾಗಿ ಕೂರುವುದಿಲ್ಲ. ಸಾಂಬಾರ್ ಪುಡಿ ಮಸಾಲೆ, ಸರಿ. ಚಟ್ನಿಪುಡಿ? ಮಸಾಲೆಯೂ ಅಲ್ಲ, ಸಾಸೂ ಅಲ್ಲ, ತಿಂಡಿಯಂತೂ ಅಲ್ಲ. ಕನ್ನಡದಲ್ಲೇ 'ಚಟ್ನಿಪುಡಿ' ಅಂತ ಬರೆಯಬಹುದು, ಆದರೆ ಮೂಲ ಪಟ್ಟಿಗೆ ಯಾರಾದರೂ ಸೇರಿಸುವ ತನಕ ಅದು ಯಾವ ಕೊಂಬೆಗೂ ಸೇರದೆ ಒಂಟಿಯಾಗಿರುತ್ತೆ. ವರ್ಗ ತಪ್ಪಿದರೆ ಆಗೋದೇನು ಅನ್ನಬೇಡಿ. ಆ ಆ್ಯಪ್ ತೋರಿಸುವ ನ್ಯೂಟ್ರಿಸ್ಕೋರ್, ಅಂದರೆ ಆಹಾರದ ಪೌಷ್ಟಿಕತೆಗೆ ಕೊಡುವ ದರ್ಜೆ, ಪಾನೀಯಗಳಿಗೆ ಒಂದು ಲೆಕ್ಕ, ಎಣ್ಣೆ ಬೆಣ್ಣೆಗಳಿಗೆ ಇನ್ನೊಂದು ಲೆಕ್ಕ ಹಿಡಿಯುತ್ತೆ. ಅದೂ 100 ಗ್ರಾಂ ಮೇಲೆ. ಚಟ್ನಿಪುಡಿಯನ್ನು 100 ಗ್ರಾಂ ಒಟ್ಟಿಗೆ ಯಾರು ತಿಂತಾರೆ?

"ಇದನ್ನ ಯಾಕೆ ಬಿಟ್ಟೆ? ಇದೇ ಎಲ್ಲದಕ್ಕಿಂತ ಚೆನ್ನಾಗಿರೋದು," ಅಂತ ಅಮ್ಮ ಎತ್ತಿ ತೋರಿಸಿದ್ದು ಹಿಂದಿನ ಬೀದಿಯವರು ಮನೆಯಲ್ಲೇ ಮಾಡಿ ಮಾರುವ ಅಗಸೆ ಚಟ್ನಿಪುಡಿ. ಪ್ಲಾಸ್ಟಿಕ್ ಕವರ್, ಮೇಲೊಂದು ಚೀಟಿ. ಆಹಾರ ಸುರಕ್ಷತೆಯವರ 14 ಅಂಕಿಯ ನಂಬರ್ ಇದೆ, ಬಾರ್‌ಕೋಡ್ ಇಲ್ಲ. ಬಾರ್‌ಕೋಡ್ ಇಲ್ಲದೆ ಆ್ಯಪ್‌ನಲ್ಲಿ ಹೆಜ್ಜೆ ಮುಂದೆ ಹೋಗುವುದಿಲ್ಲ. ವಿಕಿಡೇಟಾಕ್ಕೆ ಹಾಕೋಣ ಅಂದರೆ ಅಲ್ಲಿ ನಂಬುವಂಥ ಆಧಾರ ಕೇಳುತ್ತಾರೆ. ಅಮ್ಮನ ನಾಲಿಗೆಯನ್ನು ಆಧಾರವಾಗಿ ಒಪ್ಪುವುದಿಲ್ಲ.

ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಕೊನೆಗೊಂದು ಅಂತ ಮೈಸೂರು ಪೇಂಟ್ಸ್ ತೆಗೆದುಕೊಂಡೆ. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರು ರೂಪಿಸಿದ ಅಳಿಸದ ಶಾಯಿಯನ್ನು 1962ರ ಚುನಾವಣೆಯಿಂದ ಒದಗಿಸುತ್ತಾ ಬಂದಿದೆ. ಇಲ್ಲಿ ನೋಡಬೇಕಾದ್ದು ಗಂಟನ್ನು ಯಾವ ತುದಿಯಿಂದ ಹಾಕಬೇಕು ಅನ್ನುವುದು. ಚುನಾವಣಾ ಶಾಯಿಯನ್ನು ಬೇರೆ ದೇಶಗಳಲ್ಲೂ ತಯಾರಿಸುತ್ತಾರೆ. ಹಾಗಾಗಿ ಶಾಯಿಯ ಪುಟದಲ್ಲಿ 'ತಯಾರಕರು: ಮೈಸೂರು ಪೇಂಟ್ಸ್' ಅಂತ ಹಾಕಿದರೆ ಅದು ಲೋಕದ ಶಾಯಿಗೆಲ್ಲ ಅನ್ವಯ ಆಗಿಬಿಡುತ್ತೆ. ಕಂಪನಿಯ ಪುಟದಲ್ಲಿ 'ಉತ್ಪನ್ನ: ಚುನಾವಣಾ ಶಾಯಿ' ಅಂತ ಹಾಕಿದರೆ ಯಾರಿಗೂ ತಕರಾರಿಲ್ಲ. ಸ್ಯಾಂಡಲ್ ಸೋಪಿಗೆ ಇದರ ಉಲ್ಟಾ ಹಾಕಬಹುದು, ಅದನ್ನು ಬೇರೆ ಯಾರೂ ಮಾಡುವ ಹಾಗಿಲ್ಲವಲ್ಲ.

ಮುಂದಿನ ಸರದಿಗೆ ಅಗರಬತ್ತಿ ಇಟ್ಟುಕೊಂಡಿದ್ದೇನೆ. ಅಲ್ಲಿ ಕಡ್ಡಿ ಹೊಸೆಯುವವರು ಒಬ್ಬರು, ತಮ್ಮ ಮನೆಯಲ್ಲೇ ಕೂತು. ಪರಿಮಳದಲ್ಲಿ ಅದ್ದುವವರು ಇನ್ನೊಬ್ಬರು. ಪೊಟ್ಟಣ ಕಟ್ಟಿ ಹೆಸರು ಹಚ್ಚುವವರು ಮತ್ತೊಬ್ಬರು. 'ತಯಾರಕರು' ಅನ್ನುವ ಜಾಗದಲ್ಲಿ ಯಾರನ್ನು ಬರೆಯಬೇಕು ಅಂತ ಜರ್ಮನಿಯವರನ್ನು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.