ರೈಫಲ್ ಚಾಸಿಸ್: ಮೊದಲು ಭಂಗಿ, ಆಮೇಲೆ ಬ್ರ್ಯಾಂಡ್

ಟೆಕ್ಸಾಸ್‌ನಲ್ಲಿ ಬಂದೂಕು ಮಾರಾಟ ಮತ್ತು ದುರಸ್ತಿಯ ಅಂಗಡಿಯೊಂದರ ವರ್ಕ್‌ಶಾಪಿನಲ್ಲಿ ನಾನು ಕೆಲಸ ಮಾಡುತ್ತೇನೆ. ರೈಫಲ್‌ನ ಮರದ ಅಥವಾ ಪ್ಲಾಸ್ಟಿಕ್ ಹಿಡಿಯನ್ನು ಕಳಚಿ, ಬೇಕಾದಂತೆ ಬಿಡಿಭಾಗ ಬದಲಿಸಬಹುದಾದ ಅಲ್ಯೂಮಿನಿಯಂ ಚಾಸಿಸ್ ಕೂರಿಸಿಕೊಡಿ ಎಂದು ಬರುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, ಯಾವ ಕಂಪನಿಯದು ಒಳ್ಳೆಯದು ಎಂಬುದು. ಅದಕ್ಕೆ ಉತ್ತರಿಸುವ ಮುನ್ನ, ನೀವು ಯಾವ ಭಂಗಿಯಲ್ಲಿ ಗುಂಡು ಹೊಡೆಯುತ್ತೀರಿ ಎಂದು ಕೇಳಬೇಕೆಂಬುದು ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ.

ಗುಂಡಿನ ನಿಖರತೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ನಳಿಕೆ ಮತ್ತು ತೋಟಾ. ಚಾಸಿಸ್ ಮಾಡುವುದು ಆಕ್ಷನ್ ಅನ್ನು, ಎಂದರೆ ತೋಟಾ ತುಂಬಿ ಸಿಡಿಸುವ ಯಂತ್ರಭಾಗವನ್ನು, ಅಲುಗದಂತೆ ಹಿಡಿದು, ಗುರಿಕಾರನ ದೇಹವನ್ನು ಪ್ರತಿ ಸಲವೂ ಅದೇ ಸ್ಥಾನಕ್ಕೆ ತರುವ ಕೆಲಸ. ಮರ ತೇವ ಹೀರಿ ಉಬ್ಬಿದರೆ ಆಕ್ಷನ್ ಮತ್ತು ನಳಿಕೆಯ ಮೇಲಿನ ಒತ್ತಡ ಬದಲಾಗಿ ಗುಂಡು ಬೀಳುವ ಜಾಗವೂ ಸರಿಯುತ್ತದೆ. ಕೊಡಗಿನ ಮಳೆಗಾಲದಲ್ಲಿ ಮನೆಯ ಕೋವಿಗಳನ್ನು ನೋಡಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅಲ್ಯೂಮಿನಿಯಂಗೆ ಆ ತೊಂದರೆಯಿಲ್ಲ, ಆದರೆ ಇಲ್ಲಿನ ಬೇಸಿಗೆಯ ಬಿಸಿಲಿನಲ್ಲಿ ಅದಕ್ಕೆ ಕೆನ್ನೆ ಆನಿಸುವುದು ಬೇರೆಯೇ ಅನುಭವ!

ಪಿಆರ್‌ಎಸ್ ಎಂದು ಕರೆಯುವ ಪ್ರಿಸಿಷನ್ ರೈಫಲ್ ಸೀರೀಸ್ ಪಂದ್ಯಗಳಲ್ಲಿ ತಡೆಗೋಡೆ, ಪೈಪು, ಟಯರು ಮುಂತಾದ ಆಸರೆಗಳ ಮೇಲೆ ಚೀಲವಿಟ್ಟು, ಅದರ ಮೇಲೆ ರೈಫಲ್ ಊರಿ, ನಿಗದಿತ ಸಮಯದೊಳಗೆ ಒಂದು ಆಸರೆಯಿಂದ ಇನ್ನೊಂದಕ್ಕೆ ಸಾಗಬೇಕು. ಆದ್ದರಿಂದ ತೂಕದ ಸಮತೋಲ ಮ್ಯಾಗಜೀನ್‌ನ ತುಸು ಮುಂದೆ ಬರುವಂತಿದ್ದರೆ ರೈಫಲ್ ಚೀಲದ ಮೇಲೆ ತಾನಾಗಿಯೇ ನಿಲ್ಲುತ್ತದೆ. ಮುಂಭಾಗಕ್ಕೆ ತೂಕದ ತುಂಡುಗಳನ್ನು ಸೇರಿಸಬಹುದಾದ ಮತ್ತು ಕೆಳಗೆ ಉದ್ದಕ್ಕೂ ಆರ್ಕಾ ರೈಲ್ (ಆಸರೆಯ ಕಾಲುಗಳನ್ನು ಬೇಕಾದಲ್ಲಿ ಸಿಕ್ಕಿಸುವ ಹಳಿ) ಇರುವ ಚಾಸಿಸ್‌ಗೆ ಅಲ್ಲಿ ಬೇಡಿಕೆಯಿರುವುದು ಇದರಿಂದಲೇ. ಅಲ್ಲಿ 20 ಪೌಂಡ್ (ಸುಮಾರು 9 ಕಿಲೋ) ದಾಟಿದ ರೈಫಲ್‌ಗಳು ಸಾಮಾನ್ಯ, ಏಕೆಂದರೆ ಭಾರವಾದ ರೈಫಲ್ ಕಡಿಮೆ ಒದೆಯುತ್ತದೆ. ಒದೆತ ಕಡಿಮೆಯಾದರೆ ತನ್ನ ಗುಂಡು ಎಲ್ಲಿ ಬಿತ್ತೆಂಬುದನ್ನು ಗುರಿಕಾರ ಸ್ಕೋಪ್‌ನಲ್ಲಿಯೇ ಕಂಡು ಮುಂದಿನ ಗುಂಡನ್ನು ತಿದ್ದಿಕೊಳ್ಳಬಲ್ಲ.

ಇದೇ ಭಾರ ಇನ್ನೊಂದು ಪಂದ್ಯದಲ್ಲಿ ಮುಳುವಾಗುತ್ತದೆ. ಮಲಗಿ ಹೊಡೆಯುವ ಎಫ್-ಕ್ಲಾಸ್‌ನ ಎಫ್-ಟಿಆರ್ ವಿಭಾಗದಲ್ಲಿ ಬೈಪಾಡ್ ಎಂಬ ಎರಡು ಕಾಲಿನ ಆಸರೆ, ಸ್ಕೋಪ್ ಸೇರಿ ರೈಫಲ್‌ನ ತೂಕ 8.25 ಕಿಲೋ ಮೀರುವಂತಿಲ್ಲ. ಎಫ್-ಓಪನ್‌ನಲ್ಲಿ ಮಿತಿ 10 ಕಿಲೋ. ಭಾರತದಲ್ಲಿ ಹೆಚ್ಚು ಪರಿಚಿತವಾಗಿರುವ, ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವಾದ ಐಎಸ್‌ಎಸ್‌ಎಫ್‌ನ ನಿಯಮಗಳಲ್ಲಿಯೂ 10 ಮೀಟರ್ ಏರ್ ರೈಫಲ್‌ಗೆ 5.5 ಕಿಲೋ ಮಿತಿಯಿದೆ. ವಾರಾಂತ್ಯಕ್ಕೆ ಮೇಜಿನ ಮೇಲಿಟ್ಟು ಹೊಡೆಯುವವರಿಗೆ ಅಲ್ಯೂಮಿನಿಯಂ ಬೆನ್ನೆಲುಬಿನ ಮೇಲೆ ಪಾಲಿಮರ್ ಹೊದಿಸಿದ ಸರಳ ಚಾಸಿಸ್ ಸಾಕು. ಉಳಿದ ಹಣವನ್ನು ತೋಟಾಕ್ಕೆ ಹಾಕಿ ಎನ್ನುತ್ತೇನೆ. ಮಾಲೀಕರಿಗೆ ಈ ಸಲಹೆ ಅಷ್ಟಾಗಿ ಹಿಡಿಸುವುದಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವುದಿಲ್ಲ. ರೈಫಲ್ ಖಾಲಿಯಿದೆಯೆಂದು ಇಬ್ಬರೂ ನೋಡಿ ಖಚಿತಪಡಿಸಿಕೊಂಡ ಮೇಲೆ, ಕಣ್ಣು ಮುಚ್ಚಿಕೊಂಡು ಅದನ್ನು ಭುಜಕ್ಕೇರಿಸಿ ಕೆನ್ನೆ ಆನಿಸುವಂತೆ ಗಿರಾಕಿಗೆ ಹೇಳುತ್ತೇನೆ. ಕಣ್ಣು ತೆರೆದಾಗ ಸ್ಕೋಪ್‌ನ ಪೂರ್ತಿ ವೃತ್ತ ಕಾಣದೆ ಅಂಚಿನಲ್ಲಿ ಕಪ್ಪು ನೆರಳು ಬಂದರೆ, ಕೆನ್ನೆಪಟ್ಟಿಯ ಎತ್ತರವನ್ನೋ ಟ್ರಿಗರ್‌ನಿಂದ ಭುಜಕ್ಕೆ ಆನುವ ಬಟ್‌ವರೆಗಿನ ಉದ್ದವನ್ನೋ ಬದಲಿಸಬೇಕು. ಒಂದೇ ರೈಫಲ್ ಅನ್ನು ಮನೆಯ ಇಬ್ಬರು ಬಳಸುವುದಾದರೆ ಉಪಕರಣವಿಲ್ಲದೆ ಕೈಯಿಂದಲೇ ಹೊಂದಿಸಬಹುದಾದ ಮಾದರಿಗೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಆಕ್ಷನ್‌ನ ತಳದ ಆಕಾರವನ್ನೂ ಆರ್ಡರ್ ಮಾಡುವ ಮೊದಲೇ ನೋಡಬೇಕು. ರೆಮಿಂಗ್ಟನ್ 700 ಆಕಾರಕ್ಕೆ ಚಾಸಿಸ್‌ಗಳು ಧಾರಾಳವಾಗಿ ಸಿಗುತ್ತವೆ, ಆದರೆ ಗಿಡ್ಡ ತೋಟಾದ ಶಾರ್ಟ್ ಮತ್ತು ಉದ್ದ ತೋಟಾದ ಲಾಂಗ್ ಆಕ್ಷನ್‌ಗಳದ್ದು ಬೇರೆ ಬೇರೆ. ಟಿಕ್ಕಾ ರೈಫಲ್‌ಗೆ ಅದರದೇ ಚಾಸಿಸ್ ಬೇಕು. ಕೂರಿಸುವಾಗ ಸ್ಕ್ರೂಗಳನ್ನು ಅಂದಾಜಿನಲ್ಲಿ ಬಿಗಿಯದೆ, ತಯಾರಕರು ಸೂಚಿಸಿದ ಅಳತೆಗೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು. ಹಲವರು ಹೇಳುವುದು 65 ಇಂಚ್-ಪೌಂಡ್, ಎಂದರೆ ಸುಮಾರು 7.3 ನ್ಯೂಟನ್ ಮೀಟರ್. ಚಾಸಿಸ್ ಬದಲಾದ ಮೇಲೆ ಹಳೆಯ ಜೀರೋ, ಎಂದರೆ ಸ್ಕೋಪ್ ತೋರಿಸಿದಲ್ಲೇ ಗುಂಡು ಬೀಳುವಂತೆ ಮಾಡಿಕೊಂಡ ಹೊಂದಾಣಿಕೆ, ಉಳಿದಿರುತ್ತದೆಂದು ನಂಬುವಂತಿಲ್ಲವಾದ್ದರಿಂದ, ಪಂದ್ಯದ ಹಿಂದಿನ ದಿನ ಬರುವವರಿಗೆ ಪಂದ್ಯ ಮುಗಿಸಿಕೊಂಡು ಬನ್ನಿ ಎಂದೇ ಹೇಳುತ್ತೇನೆ.